ಶಿದ್ರಾಮಪ್ಪನ ಕುಣಿಯೂ ಬೆಳಕು ಹೊರಬಾರದ ನಕ್ಷತ್ರವೂ

ಬನಹಟ್ಟಿಯ ನೇಕಾರ ಶಿದ್ರಾಮಪ್ಪನ ಚರಿತ್ರೆ ಬರೆಯಹೊರಟವರಿಗೆ ಮೊದಲು ಎದುರಾಗುವ ತೊಡಕೆಂದರೆ, ಅವನಲ್ಲಿ ಅರ್ಧ ಮಾತ್ರ ಜನರ ಕಣ್ಣಿಗೆ ಬೀಳುತ್ತಿತ್ತು. ಉಳಿದರ್ಧ ನೆಲದೊಳಗಿತ್ತು. ಹದಿನಾಲ್ಕನೆಯ ವಯಸ್ಸಿನಲ್ಲಿ ಅವನ ಅಪ್ಪ ಅವನನ್ನು ಮಗ್ಗದ ಕುಣಿಗೆ ಇಳಿಬಿಟ್ಟ. ಅಂದಿನಿಂದ ಮೂವತ್ತೆಂಟು ವರ್ಷ, ಊಟ, ನಿದ್ದೆ, ಮದುವೆ ಮತ್ತು ಮಗ್ಗಕ್ಕೆ ರಜೆಯಿರುವ ಅಮಾವಾಸ್ಯೆಗಳನ್ನು ಬಿಟ್ಟರೆ, ಸೊಂಟದ ಕೆಳಗಿನ ಶಿದ್ರಾಮಪ್ಪ ಹಗಲು ಬೆಳಕು ಕಂಡಿರಲಿಲ್ಲ. ವರನನ್ನು ನೋಡಲು ಬಂದವರು ಅವನನ್ನು ಕುಣಿಯಲ್ಲೇ ನೋಡಿ, ಮೆಚ್ಚಿ, ಅವಲಕ್ಕಿ ತಿಂದು ಹೋಗಿದ್ದರು. ನಿಂತರೆ ಎಷ್ಟು ಎತ್ತರವೆಂಬುದು ಅಕ್ಷತೆ ಬೀಳುವ ಹೊತ್ತಿಗೇ ಗೊತ್ತಾದದ್ದು. ಆ ವಿಷಯದಲ್ಲಿ ತನಗೆ ಮೋಸವಾಗಿದೆಯೆಂದು ಹೆಂಡತಿ ತಾರವ್ವ ಕೊನೆಯವರೆಗೂ ಹೇಳುತ್ತಿದ್ದಳು.

ಕುಣಿಯೆಂದರೆ ದೊಡ್ಡ ರಹಸ್ಯವೇನಲ್ಲ. ಪಡಸಾಲೆಯ ನೆಲದಲ್ಲಿ ಸೊಂಟದಾಳದ ಒಂದು ಗುಂಡಿ. ನೇಯುವವನು ಅದರ ಅಂಚಿಗೆ ಕುಳಿತು ಕಾಲು ಇಳಿಬಿಟ್ಟು ಒಳಗಿನ ಹಲಗೆಗಳನ್ನು ತುಳಿಯುತ್ತಾನೆ. ಮೇಲೆ ಕೈ ಅಡ್ಡನೂಲಿನ ಲಾಳಿ ಎಸೆಯುತ್ತದೆ. ಮಗ್ಗ ಅದರ ಮೇಲೆ ಹರಡಿಕೊಂಡಿರುವುದರಿಂದ ಒಳಗೆ ಬಿದ್ದದ್ದು ಸುಲಭಕ್ಕೆ ಸಿಗುವುದಿಲ್ಲ. ವರ್ಷಕ್ಕೊಮ್ಮೆ, ದೀಪಾವಳಿಗೆ, ತಾರವ್ವ ಸೆರಗು ಕಟ್ಟಿ ಕುಣಿಗಿಳಿದು ಗೋಡೆಗೆ ಸುಣ್ಣ ಬಳಿದು, ತಳದಲ್ಲಿ ಸಿಕ್ಕಿದ್ದನ್ನು ಮೇಲೆ ತರುತ್ತಿದ್ದಳು. ಒಂದು ವರ್ಷ ನೂಲು ಸುತ್ತಿದ ಹನ್ನೊಂದು ಕಂಡಿಕೆ, ಮೂರು ನಶ್ಯದ ಡಬ್ಬಿ ಮತ್ತು ಒಂದು ಹಲ್ಲು ಸಿಕ್ಕಿದ್ದವು. ಹಲ್ಲು ತನ್ನದೆಂದು ಮನೆಯಲ್ಲಿ ಯಾರೂ ಒಪ್ಪಿಕೊಳ್ಳಲಿಲ್ಲ.

ಶಿದ್ರಾಮಪ್ಪನ ಕೀರ್ತಿಗೆ ಕಾರಣ ಅವನ ಕರಿ ಬಣ್ಣ. ಅಳಲೆಕಾಯಿ, ಬೆಲ್ಲ, ಸವೆದ ಎತ್ತಿನ ಲಾಳ ಇವನ್ನು ಗಡಿಗೆಯಲ್ಲಿ ಹುಳಿಹಿಡಿಸಿ, ಓಣಿಯವರೆಲ್ಲ ಮೂಗು ಮುಚ್ಚಿಕೊಂಡ ಮೇಲೆ ನೂಲು ಅದ್ದುತ್ತಿದ್ದ. ಆ ನೂಲಿನಿಂದ ಅವನು ನೇಯುತ್ತಿದ್ದ ಚಂದ್ರಕಾಳಿ ಸೀರೆಗೆ ಜಮಖಂಡಿಯ ಬ್ರಾಹ್ಮಣರ ಮನೆಗಳಲ್ಲಿ ಬಹಳ ಮರ್ಯಾದೆ. ವರ್ಷವಿಡೀ ಕರಿ ಬಟ್ಟೆ ಕಂಡರೆ ಮುಖ ತಿರುಗಿಸುವ ಆ ಮನೆಗಳು ಸಂಕ್ರಮಣದ ಒಂದು ದಿನ ಮಾತ್ರ ಕರಿಗೆ ಬಾಗಿಲು ತೆರೆಯುತ್ತಿದ್ದವು. ಹೊಸದಾಗಿ ಬಂದ ಸೊಸೆಗೆ ಮೊದಲ ಸಂಕ್ರಮಣದಲ್ಲಿ ಕರಿ ಸೀರೆ ಉಡಿಸಿ, ಸಕ್ಕರೆ ಕಟ್ಟಿದ ಕುಸುರೆಳ್ಳಿನ ಆಭರಣ ತೊಡಿಸಿ ಕೂರಿಸುವುದು ಪದ್ಧತಿ. ಚಳಿಗಾಲದಲ್ಲಿ ಕರಿ ಬಿಸಿಲನ್ನು ಹಿಡಿದಿಟ್ಟುಕೊಳ್ಳುತ್ತದೆ ಎಂದು ಹಿರಿಯರು ಕಾರಣ ಕೊಡುತ್ತಿದ್ದರು. ಪೂರಾ ಕರಿ ಮಾತ್ರ ಶುಭವಲ್ಲವೆಂದು ತಾರವ್ವ ಪ್ರತಿ ಸೀರೆಯ ಸೆರಗಿನ ಮೂಲೆಯಲ್ಲಿ ಒಂದು ಕೆಂಪು ಎಳೆ ಸೇರಿಸುತ್ತಿದ್ದಳು. ಇದು ಗಂಡನಿಗೆ ಗೊತ್ತಿತ್ತು. ಗೊತ್ತಿದೆಯೆಂದು ಅವಳಿಗೆ ಗೊತ್ತಿರಲಿಲ್ಲ.

ಈ ಸಾಮ್ರಾಜ್ಯಕ್ಕೆ ಒಬ್ಬ ವೈರಿಯಿದ್ದ. ಅದೇ ಮನೆಯಲ್ಲಿ ಉಣ್ಣುತ್ತಿದ್ದ. ಅವನೇ ತಮ್ಮ ನಿಂಗಣ್ಣ. ಮೂರು ವರ್ಷದ ಹಿಂದೆ ನಿಂಗಣ್ಣ ತನ್ನ ಕುಣಿಗೆ ಮಣ್ಣು ತುಂಬಿ, ಅದರ ಮೇಲೆ ಕರೆಂಟಿನ ಮಗ್ಗ ಕೂಡಿಸಿದ್ದ. ಅದು ಬೆಳಗಿನಿಂದ ಸಂಜೆಯವರೆಗೆ ಊರಿಗೆಲ್ಲ ಕೇಳುವಂತೆ ಬಡಿದುಕೊಳ್ಳುತ್ತಿತ್ತು. ಈಗ ಅವನಿಗೆ ಎರಡನೆಯ ಮಗ್ಗ ಬೇಕಾಗಿತ್ತು. ಮನೆಯಲ್ಲಿ ಅದಕ್ಕೆ ಉಳಿದಿದ್ದ ಜಾಗ ಒಂದೇ: ಅಣ್ಣ ಕುಳಿತಿದ್ದ ಜಾಗ.

"ಅಣ್ಣಾ, ಈ ಕುಣಿ ಒಂದು ಮುಚ್ಚಿಬಿಟ್ರ…" ಎಂದು ನಿಂಗಣ್ಣ ವಾರಕ್ಕೊಮ್ಮೆ ಶುರುಮಾಡುತ್ತಿದ್ದ.

"ನಾ ಎಲ್ಲಿ ಕುಂದ್ರಲಿ?"

"ಕುರ್ಚಿ ಮ್ಯಾಲ."

"ಕಾಲು?"

ಮಾತು ಅಲ್ಲಿಗೇ ನಿಲ್ಲುತ್ತಿತ್ತು. ಮುಂದಿನ ವಾರ ಅಲ್ಲಿಂದಲೇ ಹೊರಡುತ್ತಿತ್ತು.

ಹೀಗಿರುವಾಗ, ೧೯೫೫ರ ಡಿಸೆಂಬರಿನಲ್ಲಿ, ನಮ್ಮ ಸೀಮೆ ಇನ್ನೂ ಮುಂಬಯಿ ಸರಕಾರದ ಕೈಯಲ್ಲಿದ್ದಾಗ, ಜಮಖಂಡಿಯಿಂದ ಮೋಟಾರು ಹತ್ತಿ ಕೃಷ್ಣಾಜಿಪಂತ ಮಾಸ್ತರರು ಹೆಂಡತಿ ರಾಧಾಬಾಯಿಯವರೊಂದಿಗೆ ಬನಹಟ್ಟಿಗೆ ಬಂದಿಳಿದರು. ಮಾಸ್ತರರು ಹೈಸ್ಕೂಲಿನಲ್ಲಿ ಇಪ್ಪತ್ತಾರು ವರ್ಷ ವಿಜ್ಞಾನ ಕಲಿಸಿ ನಿವೃತ್ತರಾದವರು. ಕಲಿಸುವುದು ಮಾತ್ರ ನಿವೃತ್ತವಾಗಿರಲಿಲ್ಲ. ಪುಣೆಯಿಂದ ಇಂಗ್ಲಿಷ್ ಪತ್ರಿಕೆ ತರಿಸಿ ಓದುತ್ತಿದ್ದರು, ಓದಿದ್ದನ್ನು ಹಾಲು ಹಾಕುವವನಿಗೂ ಹೇಳುತ್ತಿದ್ದರು. ಹಾಲು ಹಾಕುವವನು ಬಾಗಿಲ ಹೊರಗೇ ಚೊಂಬು ಇಟ್ಟು ಓಡುವುದನ್ನು ಕಲಿತಿದ್ದ. ಆ ವರ್ಷ ಅವರ ಮಗನ ಮದುವೆಯಾಗಿತ್ತು. ಸೊಸೆ ಕುಮುದಿನಿಗೆ ಅದು ಮೊದಲ ಸಂಕ್ರಮಣ.

ರಾಧಾಬಾಯಿ ಪಡಸಾಲೆಯಲ್ಲಿ ಕುಳಿತು, ತಾರವ್ವ ಹರವಿದ ಸೀರೆಯನ್ನು ಬೆರಳಿನಲ್ಲಿ ತಿಕ್ಕಿ ನೋಡಿದರು.

"ಇದಕ್ಕ ಕರಿ ಅಂತೀರೇನು ತಾರವ್ವ? ನಮ್ಮ ಅಡಗಿಮನಿ ಗ್ವಾಡಿ ಇದಕಿಂತ ಕರಿ ಅದ."

"ಹಂಗಾದ್ರ ಗ್ವಾಡೀನ ಉಡಸ್ರಿ ಬಾಯಾರ" ಎಂದಳು ತಾರವ್ವ, ಬಹಳ ವಿನಯದಿಂದ.

ಮಾಸ್ತರರು ನಡುವೆ ಬಂದರು. ಇಂಥ ಅವಕಾಶಕ್ಕೆಂದೇ ಅವರು ಮೋಟಾರು ಹತ್ತಿದ್ದರೆಂದು ಕಾಣುತ್ತದೆ. "ಖರೆ ಕರಿ ಅಂದ್ರ ಏನು ಹೇಳ್ತೀನಿ ಕೇಳ್ರಿ. ಬಿದ್ದ ಬೆಳಕು ಒಳಗ ಹೋಗಬೇಕು, ಹೊರಗ ಬರಬಾರದು. ಹಂಥಾದು ಭೂಮಿ ಮ್ಯಾಲ ಇಲ್ಲ. ಆಕಾಶದಾಗ ಇರಬಹುದು ಅಂತ ಲೆಕ್ಕಾ ಹಾಕ್ಯಾರ. ಶಿದ್ರಾಮಪ್ಪ, ಮ್ಯಾಲೆ ಒಂದು ಕಲ್ಲು ಒಗದ್ರ ಏನಾಗ್ತದ?"

"ಬಾಜೂಮನಿ ಮುದಕವ್ವನ ತಗಡಿನ ಮ್ಯಾಲ ಬೀಳತೈತ್ರಿ."

"ಜೋರಾಗಿ ಒಗದ್ರ?"

"ಆಕಿ ಜೋರಾಗಿ ಬೈತಾಳ್ರಿ."

"ಅಗದೀ ಜೋರ, ಸೆಕೆಂಡಿಗೆ ಏಳು ಮೈಲು ಹೋಗೂಹಂಗ ಒಗದ್ರ, ಅದು ತಿರುಗಿ ಬರೂದ ಇಲ್ಲ. ಭೂಮಿ ಕೈ ತಪ್ಪಿಸಿಕೊಂಡು ಹೋಗಿಬಿಡ್ತದ. ಈಗ ಭೂಮಿ ಇಷ್ಟ ತೂಕ ಇಟಗೊಂಡು ಸಣ್ಣದಾಗಕೋತ ಹೋತು ಅನ್ರಿ. ಅದರ ಮ್ಯಾಲಿಂದ ತಪ್ಪಿಸಿಕೊಳ್ಳಲಿಕ್ಕೆ ಇನ್ನೂ ಜೋರ ಬೇಕು. ಹಿಂಡಿ ಹಿಂಡಿ ಒಂದು ಗೋಲಿಗುಂಡಿನಷ್ಟು ಮಾಡಿದ್ರ, ಬೆಳಕಿಗೂ ಹೊರಗ ಬೀಳಲಿಕ್ಕೆ ಆಗೂದಿಲ್ಲ. ಬೆಳಕಿನಕಿಂತ ಜೋರ ಓಡೂದು ಜಗತ್ತಿನಾಗ ಯಾವುದೂ ಇಲ್ಲ. ಅಂದ ಮ್ಯಾಲ ಅಲ್ಲಿಂದ ಯಾವುದೂ ಬರೂದಿಲ್ಲ."

ಶಿದ್ರಾಮಪ್ಪ ಲಾಳಿ ನಿಲ್ಲಿಸಿದ. ಹಗಲು ಹೊತ್ತಿನಲ್ಲಿ ಅವನ ಲಾಳಿ ನಿಂತದ್ದು, ಜಮಖಂಡಿ ಸಂಸ್ಥಾನ ವಿಲೀನವಾದ ದಿನ ಬಿಟ್ಟರೆ, ಅಂದೇ. "ಅಷ್ಟು ಹಿಂಡಾವ್ರು ಯಾರ್ರೀ ಪಂತರ?"

"ತನ್ನ ಭಾರ ತಾನ! ದೊಡ್ಡ ನಕ್ಷತ್ರ ಇರ್ತದ. ಒಳಗ ಬೆಂಕಿ ಇರೂತನಕ ಅದು ಉಬ್ಬಿ ನಿಂತಿರ್ತದ. ಬೆಂಕಿ ಆರ್ತು, ತನ್ನ ಮ್ಯಾಲ ತಾನ ಕುಸೀತದ. ನಮ್ಮ ಸೂರ್ಯನ್ನ ಹಂಗ ಹಿಂಡಿದ್ರ ರಬಕವಿ ಬನಹಟ್ಟಿ ಎರಡರಾಗ ಹಿಡಸ್ತಾನ."

"ಅಯ್ಯ, ಇಲ್ಲಿ ಮೊದಲ ಜಾಗಾ ಇಲ್ಲ" ಎಂದಳು ತಾರವ್ವ, ಮೈದುನನ ಕಡೆ ನೋಡಿ.

"ಚಿಂತಿ ಮಾಡಬ್ಯಾಡ್ರಿ. ನಮ್ಮ ಸೂರ್ಯಗ ಅಷ್ಟು ಭಾರ ಇಲ್ಲ. ಅಂವ ಕಡೀಕ ಕೆಂಡ ಆರಿದಂಗ ಆರ್ತಾನ. ಇದು ಭಾಳ ದೊಡ್ಡವರ ಮನಿ ಮಾತು."

"ಮತ್ತ ಅದು ಎಲ್ಲಾನೂ ಎಳಕೊಂಡು ನುಂಗತೈತೇನ್ರಿ?" ಎಂದ ಶಿದ್ರಾಮಪ್ಪ.

"ಇಲ್ಲ, ಇಲ್ಲ. ನಿಮ್ಮ ಕುಣಿ ಇದ್ದಂಗ. ಪಡಸಾಲ್ಯಾಗ ಅಡ್ಡಾಡವರನ್ನ ಅದೇನು ಎಳೀತದೇನು? ದೂರಿದ್ದವರ ಪಾಡಿಗೆ ದೂರಿದ್ದವರು. ಅಂಚಿಗೆ ಬಂದವರಿಗೆ ಮಾತ್ರ ಕಠಿಣ. ಇನ್ನೊಂದು ಮಜಾ ಅದ. ಅದರ ಅಂಚಿನಾಗ ಹೊತ್ತು ಸುದ್ಧಾ ನಿಧಾನ ಆಗ್ತದ. ಅಲ್ಲಿ ಕೂತವಗ ಒಂದು ತಾಸು ಅನಸಿದ್ದು, ಹೊರಗ ನಿಂತವರಿಗೆ ಒಂದು ವರ್ಷ ಆಗಿರ್ತದ."

"ಇದು ಇಪ್ಪತ್ತೊಂಬತ್ತು ವರ್ಷದಿಂದ ಈ ಮನ್ಯಾಗ ನಡದೈತ್ರಿ" ಎಂದಳು ತಾರವ್ವ. "ಉಣ್ಣಾಕ ಬರ್ರಿ ಅಂದ್ರ ಕುಣ್ಯಾಗಿಂದ 'ಈಗ ಬಂದೆ' ಅಂತಾರ. ರೊಟ್ಟಿ ಕಟದು ಹಪ್ಪಳ ಆಗಿರತಾವು."

"ಕೇಳ್ರಿ ಇನ್ನ. ಅದರೊಳಗ ಏನಾದ್ರೂ ಬೀಳೂದನ್ನ ನಾವು ಹೊರಗ ನಿಂತು ನೋಡಿದ್ರ, ಅದು ಬಿದ್ದದ್ದ ಕಾಣೂದಿಲ್ಲ. ಅಂಚಿಗೆ ಬರ್ತದ, ನಿಧಾನ ಆಗ್ತದ, ಕೆಂಪಾಗ್ತದ, ಮಂಕಾಗ್ತದ. ಇನ್ನೇನು ಬಿತ್ತು, ಇನ್ನೇನು ಬಿತ್ತು ಅಂತ ಅಲ್ಲೇ ನಿಂತಿರ್ತದ."

ಆಗ ಅದಕ್ಕಿನ್ನೂ ಯಾರೂ ಹೆಸರಿಟ್ಟಿರಲಿಲ್ಲ. ಕಪ್ಪುಕುಳಿ ಎಂದು ಜಗತ್ತು ಕರೆಯತೊಡಗಿದ್ದು ಆಮೇಲೆ. ವಿದ್ವಾಂಸರಲ್ಲೇ ಅರ್ಧ ಜನ ಅದನ್ನು ನಂಬಿರಲಿಲ್ಲ. ಅಂದಿನ ಮಟ್ಟಿಗೆ ನಂಬಿದವರ ಪಟ್ಟಿಗೆ ಬನಹಟ್ಟಿಯಿಂದ ಒಬ್ಬ ಹೊಸದಾಗಿ ಸೇರಿದ್ದ.

ಕರೆಂಟಿನ ಮಗ್ಗ ನಿಲ್ಲಿಸಿ ಬಂದು ಕಂಬಕ್ಕೆ ಒರಗಿದ್ದ ನಿಂಗಣ್ಣ ಕೇಳಿದ: "ಅಲ್ರಿ ಮಾಸ್ತರ, ಅದು ಕಾಣೂದಿಲ್ಲ, ಅಲ್ಲಿಗೆ ಹೋಗಾಕ ಆಗೂದಿಲ್ಲ, ಹೋದ್ರ ಬರಾಕ ಆಗೂದಿಲ್ಲ. ಅದನ್ನ ತಿಳಕೊಂಡು ಮಾಡೂದೇನ್ರಿ?"

ಮಾಸ್ತರರು ಬಾಯಿ ತೆರೆಯುವ ಮುಂಚೆ ಕುಣಿಯಿಂದ ಉತ್ತರ ಬಂತು. "ಎಳಿ ಎಷ್ಟು ಗಟ್ಟಿ ಐತಿ ಅಂತ ಗೊತ್ತಾಗಬೇಕಾದ್ರ ಏನ ಮಾಡ್ತೀ ನಿಂಗಾ? ಹರಿಯೂತನಕ ಜಗ್ಗತೀ. ಸುಮ್ಮ ಇಟ್ಟ ನೂಲು ಎಲ್ಲಾ ಗಟ್ಟೀನ."

ಮಾಸ್ತರರು ಎದ್ದು ನಿಂತರು. "ಅದ! ಅದ ಮಾತು! ನಮ್ಮ ಭೌತಶಾಸ್ತ್ರದ ನಿಯಮ ಎಲ್ಲಾ ಇಲ್ಲಿ, ಮನಿಯೊಳಗ, ಸುಮ್ಮ ಇಟ್ಟ ನೂಲು. ಅಲ್ಲಿ ಅವನ್ನ ಜಗ್ಗಿ ನೋಡ್ತಾನ ದೇವರು. ಆ ನಕ್ಷತ್ರದ ನಟ್ಟನಡುವ ಏನಾಗ್ತದ ಅಂತ ಲೆಕ್ಕಾ ಮಾಡ್ಲಿಕ್ಕೆ ಹೋದ್ರ ಲೆಕ್ಕಾನ ಹರದುಹೋಗ್ತದ. ಅಂದ್ರ ನಮ್ಮ ಲೆಕ್ಕದಾಗ ಎಲ್ಲೋ ಒಂದು ಎಳಿ ಸಡಲ ಅದ. ಅದನ್ನ ತಿಳಕೊಳ್ಳಲಿಕ್ಕೆ ಅದು ಬೇಕು." ಇಪ್ಪತ್ತಾರು ವರ್ಷದಲ್ಲಿ ಯಾವ ವಿದ್ಯಾರ್ಥಿಯೂ ತಮಗೆ ಇಂಥ ಉತ್ತರ ಕೊಟ್ಟಿರಲಿಲ್ಲವೆಂದು ಅವರು ಹೆಂಡತಿಗೆ ಹೇಳಿದರು. ರಾಧಾಬಾಯಿ ಸೀರೆಯ ವಿಷಯ ಏನಾಯಿತೆಂದು ಕೇಳಿದರು.

ಅಣ್ಣನಿಗೆ ಸಿಕ್ಕ ಈ ಶಾಭಾಸ್‌ಗಿರಿ ನಿಂಗಣ್ಣನಿಗೆ ರುಚಿಸಲಿಲ್ಲ. "ಬಾಯಾರ, ನನ್ನ ಮಗ್ಗದ ಮ್ಯಾಲೂ ಚಂದ್ರಕಾಳಿ ಆಕ್ಕೈತ್ರಿ. ಅಂಗಡಿ ಪುಡಿ ಬಣ್ಣ. ಅಣ್ಣನ ಕರಿಗಿಂತ ಕರಿ."

"ಯಾವುದು ಹೆಚ್ಚು ಕರಿ ಇರ್ತದೋ ಅದ ನನಗ ಬೇಕು" ಎಂದರು ರಾಧಾಬಾಯಿ.

"ಕೇಳಿದಿ ಅಣ್ಣಾ? ಇಬ್ಬರೂ ಒಂದೊಂದು ಸೀರಿ ಮಾಡೂಣು. ಮಾಸ್ತರು ನೋಡಿ ಹೇಳಲಿ. ನಿಂದು ಹೆಚ್ಚು ಕರಿ ಆತಂದ್ರ, ನಾ ಇನ್ನ ಕುಣಿ ಮಾತು ತಗಿಯೂದಿಲ್ಲ. ಹೊಸಾ ಮಗ್ಗ ಎಮ್ಮಿ ಕಟ್ಟೂ ಕೋಲ್ಯಾಗ ಹಾಕತೇನಿ. ನಂದು ಹೆಚ್ಚಾತಂದ್ರ, ಸಂಕ್ರಮಣದ ಮರುದಿನ ಕುಣಿ ಮುಚ್ಚೂದು."

ಶಿದ್ರಾಮಪ್ಪ ಒಮ್ಮೆ ಕೆಳಗೆ ನೋಡಿದ. ಅಲ್ಲಿ ಅವನ ಕಾಲುಗಳಿದ್ದವು. ಅವನ ಅಪ್ಪನ ಕಾಲುಗಳು ಸವೆಸಿದ್ದ ಹಲಗೆಯೂ ಇತ್ತು. "ಹೂಂ" ಎಂದ.

ಮುಂದಿನ ಮೂರು ವಾರ ಆ ಮನೆಯಲ್ಲಿ ನಡೆದದ್ದಕ್ಕೆ ಯುದ್ಧಸಿದ್ಧತೆಯೆನ್ನದೆ ಬೇರೆ ಹೆಸರಿಲ್ಲ. ಶಿದ್ರಾಮಪ್ಪ ಎರಡು ಗಡಿಗೆಯ ಬದಲು ಐದು ಗಡಿಗೆ ಹೂಡಿದ. ಎತ್ತಿನ ಲಾಳಗಳಿಗಾಗಿ ತಾರವ್ವ ಕಮ್ಮಾರನ ಅಂಗಳವನ್ನು ಗುಡಿಸಿ ತಂದಳು. ವಾಸನೆಗೆ ಮುದಕವ್ವ ತನ್ನ ತಗಡಿನ ಮನೆಗೆ ಬೀಗ ಹಾಕಿ ತುಬಚಿ ಊರಿನಲ್ಲಿದ್ದ ಮಗಳ ಮನೆಗೆ ಹೋದಳು. ಏಳು ಸಲ ಅದ್ದಿದ ನೂಲು ನೆರಳಿನಲ್ಲಿ ಒಣಗಿತು. ಸೀರೆ ಮಗ್ಗದಿಂದ ಇಳಿದಾಗ, ಅದನ್ನು ನೋಡಿದ ಬೆಕ್ಕು ಇನ್ನೊಂದು ಬೆಕ್ಕೆಂದು ತಿಳಿದು ಬೆನ್ನು ಸೆಟೆಸಿತು.

ಅಲ್ಲಿಗೇ ನಿಲ್ಲಿಸಿದ್ದರೆ ಶಿದ್ರಾಮಪ್ಪ ಗೆಲ್ಲುತ್ತಿದ್ದ. ಆದರೆ ಅವನು ಬನಹಟ್ಟಿಯವನು. ಒಳ್ಳೆಯ ಸೀರೆಯೆಂದರೆ ಮಿಂಚಬೇಕು, ಮಡಿಕೆಯಲ್ಲಿ ಗರಿಗರಿ ಎನ್ನಬೇಕು. ಗಂಜಿಯಿಲ್ಲದ ಸೀರೆಯನ್ನು ಜನರೆದುರು ತರುವುದೆಂದರೆ ರುಮಾಲಿಲ್ಲದೆ ಬೀಗರ ಮನೆಗೆ ಹೋದಂತೆ. ಸಾಧಾರಣ ಸೀರೆಗೆ ಒಂದು ಸಲ ಗಂಜಿ. ಈ ಸೀರೆಗೆ ಮೂರು ಸಲ ಕೊಟ್ಟ. ಆಮೇಲೆ ಹಲಗೆಯ ಮೇಲೆ ಹಾಸಿ, ಅಜ್ಜನ ಕಾಲದ ನುಣುಪುಗಲ್ಲಿನಿಂದ ಎರಡು ದಿನ ತಿಕ್ಕಿದ. ಕೊನೆಗೆ ಅದರಲ್ಲಿ ಮುಖ ಕಾಣತೊಡಗಿತು. ತಾರವ್ವ ಅದನ್ನು ನೋಡಿ ಹಣೆಯ ಕುಂಕುಮ ಸರಿಮಾಡಿಕೊಂಡಳು.

ಹಬ್ಬಕ್ಕೆ ಎಂಟು ದಿನವಿರುವಾಗ ಮಾಸ್ತರರು ಹೆಂಡತಿಯೊಂದಿಗೆ ಬಂದರು. ಕಣ್ಣಿನಿಂದ ನೋಡಿ ಹೇಳುವುದು ಶಾಸ್ತ್ರವಲ್ಲವೆಂದರು. ಒಂದೇ ಅಳತೆಯ ಎರಡು ಹಿತ್ತಾಳೆ ಬಟ್ಟಲು, ಒಂದೇ ಡಬ್ಬಿಯ ಕೊಬ್ಬರಿ ಎಣ್ಣೆ. ಜನವರಿಯ ಬೆಳಗಿನ ಥಂಡಿಗೆ ಎಣ್ಣೆ ತುಪ್ಪದಂತೆ ಗಟ್ಟಿಯಾಗಿತ್ತು. ಮನೆಯ ಮುಂದಿನ ಕಟ್ಟೆಯ ಮೇಲೆ ಬಿಸಿಲಿಗೆ ಎರಡನ್ನೂ ಇಟ್ಟು, ಒಂದರ ಬಾಯಿಗೆ ಶಿದ್ರಾಮಪ್ಪನ ಸೀರೆಯ ಒಂದು ಪದರ, ಇನ್ನೊಂದರ ಬಾಯಿಗೆ ನಿಂಗಣ್ಣನದು ಬಿಗಿದು, ಕಿಸೆಯಿಂದ ಗಡಿಯಾರ ತೆಗೆದರು. "ಯಾವ ಕರಿ ಹೆಚ್ಚು ಬೆಳಕು ನುಂಗ್ತದೋ ಅದು ಹೆಚ್ಚು ಕಾಯ್ತದ. ಅದರ ಕೆಳಗಿನ ಎಣ್ಣಿ ಮೊದಲ ಕರಗ್ತದ."

ಓಣಿಯ ಜನ ಸೇರಿದರು. ವಾಸನೆ ಇಳಿದ ಸುದ್ದಿ ತಿಳಿದು ತಿರುಗಿ ಬಂದಿದ್ದ ಮುದಕವ್ವ ಎಲ್ಲರಿಗಿಂತ ಮುಂದೆ ಕುಳಿತಳು. ನಿಂಗಣ್ಣನ ಸೀರೆ ಮಂಕಾಗಿ, ತೊಳೆಯದ ಹಂಚಿನಂತೆ ಕುಳಿತಿತ್ತು. ಶಿದ್ರಾಮಪ್ಪನ ಸೀರೆ ಬಿಸಿಲಿಗೆ ಥಳಥಳಿಸಿ ನೋಡುವವರ ಕಣ್ಣು ಕುಕ್ಕುತ್ತಿತ್ತು. ಅದು ಗೆಲ್ಲುವುದರಲ್ಲಿ ಯಾರಿಗೂ ಸಂಶಯವಿರಲಿಲ್ಲ.

ನಿಂಗಣ್ಣನ ಎಣ್ಣೆ ಹತ್ತೊಂಬತ್ತು ನಿಮಿಷಕ್ಕೆ ಕರಗಿತು. ಶಿದ್ರಾಮಪ್ಪನದಕ್ಕೆ ಇಪ್ಪತ್ತಮೂರು ಬೇಕಾಯಿತು.

"ಎಣ್ಣಿ ಕಲಬೆರಕಿ ಇರಬೇಕು" ಎಂದಳು ಮುದಕವ್ವ.

ಮಾಸ್ತರರು ಸೀರೆಯನ್ನು ಎತ್ತಿ ಬಿಸಿಲಿಗೆ ಓರೆ ಮಾಡಿದರು. ಅದರ ಹೊಳಪು ಹೋಗಿ ಎದುರು ಗೋಡೆಯ ಮೇಲೆ ಬಿತ್ತು. ಅವರ ಮುಖ ಸಣ್ಣದಾಯಿತು. "ಶಿದ್ರಾಮಪ್ಪ… ಹೊಳಪು ಅಂದ್ರ ಏನು? ಬಂದ ಬೆಳಕು ತಿರುಗಿ ಹೋಗೂದು. ನಿಮ್ಮ ಬಣ್ಣ ಕರಿ ಅದ. ನಿಮ್ಮ ಗಂಜಿ ಬೆಳಕನ್ನ ಬಾಗಲದಾಗ ನಿಲ್ಲಿಸಿ ಹೊಳ್ಳಿ ಕಳಸೇದ."

ಶಿದ್ರಾಮಪ್ಪ ಕುಣಿಯಲ್ಲಿ ಕುಳಿತೇ ಬಾಗಿಲಾಚೆಯ ಸೀರೆಯನ್ನು ನೋಡಿದ, ಗೋಡೆಯ ಮೇಲಿನ ಬೆಳಕನ್ನು ನೋಡಿದ. ಮತ್ತೆ ಹಲಗೆ ತುಳಿಯತೊಡಗಿದ.

ಆಗ ರಾಧಾಬಾಯಿ ಶಿದ್ರಾಮಪ್ಪನ ಸೀರೆಯನ್ನು ಮಡಿಚಿ ಚೀಲಕ್ಕೆ ಹಾಕಿಕೊಂಡರು.

"ಬಾಯಾರ, ಗೆದ್ದದ್ದು ನಂದರಿ!" ಎಂದ ನಿಂಗಣ್ಣ.

"ಗೆಲ್ಲಲಿ. ಇದು ಹೊಳೀತದ. ಶಾಸ್ತ್ರ ಅವರದು, ಸೊಸಿ ನಮ್ಮಾಕಿ."

ಹೀಗೆ ನಿಂಗಣ್ಣನಿಗೆ ಗೆಲುವು ಸಿಕ್ಕಿತು, ಗಿರಾಕಿ ಸಿಗಲಿಲ್ಲ. ಮಾತು ಮಾತೇ. ಕುಣಿ ಹೋಗಬೇಕಾಯಿತು.

ಸಂಕ್ರಮಣ ಬಂತು. ಕುಮುದಿನಿ ಕರಿ ಸೀರೆಯುಟ್ಟು, ಕುಸುರೆಳ್ಳಿನ ಹಾರ ಹಾಕಿಕೊಂಡು, ದೀಪದ ಬೆಳಕಿಗೆ ಮಿಂಚಿದಳೆಂದು ಜಮಖಂಡಿಯಿಂದ ವರದಿ ಬಂತು. ಮರುದಿನ ಬೆಳಿಗ್ಗೆ ನಿಂಗಣ್ಣ ಹಳ್ಳದ ಕೆಮ್ಮಣ್ಣು ತುಂಬಿದ ದೊಡ್ಡ ಬುಟ್ಟಿಯೊಂದನ್ನು ತಲೆಯ ಮೇಲೆ ಹೊತ್ತು ತಂದು, ಪಡಸಾಲೆಯಲ್ಲಿ ಕುಣಿಯ ಅಂಚಿಗೆ ಇಳಿಸಿದ. ಇನ್ನೇನು ಬುಟ್ಟಿ ಮಗುಚಬೇಕು, ತಾರವ್ವ ಅಡಿಗೆಮನೆಯಿಂದ ಕೂಗಿದಳು.

"ಯಪ್ಪಾ ನಿಂಗಣ್ಣ, ಇವತ್ತ ಕರಿ. ಕರಿ ದಿನ ಹೊಸಾ ಕೆಲಸಕ್ಕ ಕೈ ಹಚ್ಚಬಾರದು. ಮಗ್ಗ ಕೂಡಸೂ ಜಾಗಾ, ಆಮ್ಯಾಲ ನನಗ ಹೇಳಬ್ಯಾಡ."

ಸಂಕ್ರಮಣದ ಮರುದಿನಕ್ಕೆ ಕರಿಯೆನ್ನುವುದು, ಅಂದು ಏನನ್ನೂ ಆರಂಭಿಸದಿರುವುದು ಎಲ್ಲರಿಗೂ ಗೊತ್ತಿದ್ದದ್ದೇ. ಪಂಥ ಕಟ್ಟುವ ಹುರುಪಿನಲ್ಲಿ ನಿಂಗಣ್ಣ ಸರಿಯಾಗಿ ಅದೇ ದಿನವನ್ನು ಗೊತ್ತುಮಾಡಿಕೊಂಡಿದ್ದ. ಕರೆಂಟಿನ ಮಗ್ಗಕ್ಕೆ ಅಪಶಕುನ ತಟ್ಟುವುದು ಅವನಿಗೂ ಬೇಕಾಗಿರಲಿಲ್ಲ. ಬುಟ್ಟಿಯನ್ನು ಅಲ್ಲೇ ಬಿಟ್ಟ. "ಹೋಗ್ಲಿ, ನಾಳಿ ಮುಚ್ಚತೇನಿ."

ಶಿದ್ರಾಮಪ್ಪ ಅಂದು ಕೊನೆಯ ದಿನವೆಂದು ಕುಣಿಯಲ್ಲಿ ಕುಳಿತಿದ್ದ. ಮಗ್ಗದ ಮೇಲೆ ಇನ್ನ್ಯಾರದೋ ಕರಿ ಸೀರೆ ಅರ್ಧವಾಗಿತ್ತು. ಕೈ ಹಾಕಿದ ಕೆಲಸ ಮುಂದುವರಿಸಲು ಕರಿ ಅಡ್ಡಿ ಬರುವುದಿಲ್ಲ. ಮಧ್ಯಾಹ್ನದ ಹೊತ್ತಿಗೆ ಮಾಸ್ತರರು ಎಳ್ಳುಬೆಲ್ಲದ ಪೊಟ್ಟಣ ಹಿಡಿದು ಬಂದರು. ಎಂಟು ದಿನದಿಂದ ಅವರಿಗೆ ಊಟ ಸೇರಿರಲಿಲ್ಲ. ಕೊಬ್ಬರಿ ಎಣ್ಣೆ ಸುಳ್ಳು ಹೇಳಿರಲಿಲ್ಲ, ಅದೇ ಅವರ ಸಂಕಟ.

"ಎಳ್ಳುಬೆಲ್ಲ ತಗೋರಿ" ಎಂದರು.

"ಪಂತರ, ನಾ ಒಂದು ತೋರಸ್ತೇನಿ, ನೋಡ್ರಿ" ಎಂದು ಶಿದ್ರಾಮಪ್ಪ ಮೇಲೆದ್ದು ಬದಿಗೆ ಸರಿದ. ಅವನು ಕುಳಿತಿದ್ದ ಜಾಗವನ್ನು ಒಂದು ಹಲಗೆಯಿಂದ ಮುಚ್ಚಿದ. ಈಗ ಕುಣಿಯ ಮೇಲೆ ಮಗ್ಗ, ಸೀರೆ, ಹಲಗೆ ಎಲ್ಲ ಹರಡಿಕೊಂಡು, ನಡುವೆ ಅಂಗೈಯಗಲದ ಒಂದು ಸಂದಿ ಮಾತ್ರ ಉಳಿಯಿತು. "ಈ ಸೀರಿ ಕರಿ ಐತಿ. ಆ ಸಂದಿ ನೋಡ್ರಿ. ಅದರ ಮುಂದ ಸೀರಿ ಬೂದಿ ಕಂಡಂಗ ಕಾಣಾಕತ್ತೈತಿ. ಮೂವತ್ತೆಂಟು ವರ್ಷ ಕಣ್ಣ ಮುಂದ ಇತ್ತು. ಇವತ್ತ ನೋಡಿದೆ."

ಮಾಸ್ತರರು ಬಗ್ಗಿದರು. ಕನ್ನಡಕ ಒರೆಸಿ ಮತ್ತೆ ಬಗ್ಗಿದರು. ಹೌದು. ಮಗ್ಗದ ಮೇಲಿನ ಸೀರೆಯ ಪಕ್ಕದಲ್ಲಿ ಆ ಸಂದಿ ಅದಕ್ಕಿಂತ ಕರಿಯಾಗಿತ್ತು.

"ಒಳಗ ಗ್ವಾಡಿಗೆ ಏನು ಬಳದೀರಿ? ಮಸಿ?"

"ಸುಣ್ಣರಿ" ಎಂದಳು ತಾರವ್ವ. "ದೀಪಾವಳಿಗೆ ನಾನ ಬಳದೇನಿ. ಬೆಳ್ಳಗ ಹಾಲಿನಂಗೈತಿ."

ಮಾಸ್ತರರು ನೆಲದ ಮೇಲೆ ಕುಳಿತೇಬಿಟ್ಟರು. "ಬಿಳೀ ಗ್ವಾಡಿ! ಬಿಳೀ ಗ್ವಾಡಿ ಇಟಗೊಂಡು ಇಷ್ಟು ಕರಿ! ಬೆಳಕು ಈ ಸಂದ್ಯಾಗ ಒಳಗ ಹೋಗ್ತದ, ಒಂದು ಗ್ವಾಡಿಗೆ ಬಡೀತದ, ಇನ್ನೊಂದಕ್ಕ ಬಡೀತದ, ಪ್ರತೀ ಸಲ ಚೂರು ಚೂರು ಸವೀತದ. ಹೊರಗಿನ ದಾರಿ ಸಿಗೂದ್ರೊಳಗ ತೀರಿಹೋಗ್ತದ. ಶಿದ್ರಾಮಪ್ಪ, ದೊಡ್ಡ ದೊಡ್ಡ ವಿದ್ವಾಂಸರು ಖರೆ ಕರಿ ಬೇಕಾದಾಗ ಬಣ್ಣ ಬಳಿಯೂದಿಲ್ಲ. ಪೆಟಿಗಿ ಮಾಡಿ ಸಣ್ಣ ತೂತು ಕೊರೀತಾರ. ಕರಿ ಬಣ್ಣದಾಗ ಇಲ್ಲ, ತಪ್ಪಿಸಿಕೊಳ್ಳಲಿಕ್ಕೆ ದಾರಿ ಇಲ್ಲದಿರೂದರಾಗ ಅದ. ಬನಹಟ್ಟಿಯೊಳಗ ಎಲ್ಲಾಕಿಂತ ಕರಿ ಯಾವುದು ಅಂತ ಕೇಳಿದ್ರ, ಇದು."

"ಆಕಾಶದಾಗಿನ ಕುಣ್ಯಾಗೂ ಬೆಳಕು ಹಿಂಗ ಬಡಕೊಂಡು ಸಾಯತೈತೇನ್ರಿ?" ಎಂದು ಕೇಳಿದ ಶಿದ್ರಾಮಪ್ಪ.

"ಇಲ್ಲ, ಅಲ್ಲಿ ಬ್ಯಾರೆ. ಅಲ್ಲಿ ಗ್ವಾಡೀನ ಇಲ್ಲ. ಅಲ್ಲಿ ಹೊರಗಿನ ದಿಕ್ಕ ಇಲ್ಲ. ಎತ್ತ ಹೋದ್ರೂ ಒಳಗ."

ನಿಂಗಣ್ಣ ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿದ. "ಇರಲಿ ಮಾಸ್ತರ. ಕುಣಿ ಕರಿ ಇರಲಿ. ಪಂಥ ಇದ್ದದ್ದು ಸೀರೀದು."

"ಹೌದು, ಸೀರೀದು" ಎಂದ ಶಿದ್ರಾಮಪ್ಪ. ಅವನು ಸುಳ್ಳು ದಾರಿ ಹುಡುಕುವವನಲ್ಲ. "ನಾ ಸೋತೇನಿ. ಸುಮ್ಮ ತೋರಿಸಿದೆ."

ಇದು ನಿಂಗಣ್ಣನಿಗೆ ಬೈಗುಳಕ್ಕಿಂತ ಹೆಚ್ಚು ನಾಟಿತು. ಅಣ್ಣ ಜಗಳವಾಡಿದ್ದರೆ ಅವನಿಗೆ ಹಗುರವಾಗುತ್ತಿತ್ತು. "ಏನ ದೊಡ್ಡ ಕುಣಿ ಅಂತ!" ಎಂದು ದನಿ ಏರಿಸಿದ. "ನಾನೂ ಹದಿನೆಂಟು ವರ್ಷ ಕುಂತೇನಿ ಕುಣ್ಯಾಗ. ಹೊತ್ತು ನಿಂದರತೈತಂತ, ಬೆಳಕು ಸಾಯತೈತಂತ. ನನಗೇನೂ ಆಗಿಲ್ಲ. ತೋರಸ್ತೇನಿ ನೋಡ್ರಿ." ಹಲಗೆ ಸರಿಸಿ, ಬುಟ್ಟಿಯನ್ನು ದಾಟಿ, ಧೊಪ್ಪನೆ ಅಂಚಿಗೆ ಕುಳಿತು ಕಾಲು ಇಳಿಬಿಟ್ಟ.

ಕೆಳಗೆ ಹಲಗೆ ಅವನ ಪಾದಕ್ಕೆ ತಾಗಿತು. ಅಪ್ಪ ಸವೆಸಿದ್ದ ತಗ್ಗಿನಲ್ಲಿ ಹಿಮ್ಮಡಿ ಸರಿಯಾಗಿ ಕುಳಿತಿತು. ಕೈಗೆ ಲಾಳಿ ಸಿಕ್ಕಿತು. ಏನೂ ಆಗಿಲ್ಲವೆಂದು ತೋರಿಸಲಿಕ್ಕೆಂದೇ ಅವನು ಒಂದು ಸಲ ಎಸೆದ. ಸುಮ್ಮನೆ, ಇನ್ನೊಂದು ಸಲ ಎಸೆದ.

ಮಾಸ್ತರರು ಏನೋ ಹೇಳಹೋದರು. ತಾರವ್ವ ತುಟಿಯ ಮೇಲೆ ಬೆರಳಿಟ್ಟಳು. ಶಿದ್ರಾಮಪ್ಪ ಮೂವತ್ತೆಂಟು ವರ್ಷದಲ್ಲಿ ಮೊದಲ ಬಾರಿ ಕೆಲಸದ ಹೊತ್ತಿನಲ್ಲಿ ಕಟ್ಟೆಯ ಮೇಲೆ ಹೋಗಿ ಕುಳಿತ. ಕಾಲುಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಕೆಲಹೊತ್ತು ಒದ್ದಾಡಿದ. ಮುದಕವ್ವ ಹಾದುಹೋಗುತ್ತ ಯಾರೋ ಬೀಗರಿರಬೇಕೆಂದು ಸೆರಗು ಎಳೆದುಕೊಂಡಳು. ಅವನು ಪೂರ್ತಿಯಾಗಿ ಹೀಗಿರುತ್ತಾನೆಂದು ಅವಳಿಗೂ ಗೊತ್ತಿರಲಿಲ್ಲ. ಬಿಸಿಲು ಕಟ್ಟೆಯಿಂದ ಇಳಿದು, ಓಣಿ ದಾಟಿ, ಎದುರು ಗೋಡೆ ಹತ್ತಿತು. ಕರೆಂಟಿನ ಮಗ್ಗ ಅಂದು ಒಂದು ಮಾತೂ ಆಡಲಿಲ್ಲ. ಒಳಗಿನಿಂದ ಲಾಳಿಯ ಸಪ್ಪಳ ಮಾತ್ರ ಬರುತ್ತಿತ್ತು.

"ನಿಂಗಣ್ಣ, ಚಾ ಆಗೈತಿ" ಎಂದಳು ತಾರವ್ವ.

"ಈಗ ಬಂದೆ ವೈನಿ."

ದೀಪ ಹಚ್ಚುವ ಹೊತ್ತಿಗೆ ಅವನು ತಲೆಯೆತ್ತಿದ. "ಅಲ್ಲ, ಇಷ್ಟ ಲಗೂನ ಯಾಕ ಕತ್ತಲ ಆತು? ಎಲಿ ಅಡಿಕಿ ಹಾಕ್ಕೊಳ್ಳೂವಷ್ಟು ಹೊತ್ತೂ ಆಗಿಲ್ಲ ನಾ ಕುಂತು." ಮಾಸ್ತರರು ಬಂದು ಮಗ್ಗದ ಮೇಲಿನ ಹೊಸ ಬಟ್ಟೆಗೆ ಮೊಳ ಹಾಕಿದರು. ಒಂದು ಮೊಳದ ಮೇಲೆ ನಾಲ್ಕು ಬೆರಳು. ಸಂಜೆಯ ಚಹಾ ಲೋಟದಲ್ಲಿ ತಣ್ಣಗಾಗಿ ಕೆನೆಗಟ್ಟಿತ್ತು. ಗಡಿಯಾರವನ್ನು ನಂಬದವನಿದ್ದಾನೆ; ತಾನೇ ನೇಯ್ದ ಬಟ್ಟೆಯನ್ನು ನಂಬದ ನೇಕಾರನಿಲ್ಲ. ನಿಂಗಣ್ಣ ಆ ಮೊಳದ ಮೇಲೆ ಕೈಯಾಡಿಸಿದ. ಆಮೇಲೆ ಬುಟ್ಟಿಯನ್ನು ನೋಡಿದ. ಆಮೇಲೆ ಬೇರೆ ಕಡೆ ನೋಡಿದ.

ಮರುದಿನ ಕರಿ ಇರಲಿಲ್ಲ. ಬುಟ್ಟಿ ಅಲ್ಲೇ ಇತ್ತು. "ನಾಳಿ ಮುಚ್ಚತೇನಿ" ಎಂದ ನಿಂಗಣ್ಣ. ಆ ವಾರ ಹೊಸ ಮಗ್ಗ ಬಂತು; ಅದನ್ನು ತಾತ್ಕಾಲಿಕವೆಂದು ಎಮ್ಮೆಯ ಕೋಣೆಯಲ್ಲಿ ಕೂಡಿಸಿದ. ಎಮ್ಮೆ ಅಂಗಳಕ್ಕೆ ಬಂತು. ಅದರ ಅಭಿಪ್ರಾಯ ಯಾರೂ ಕೇಳಲಿಲ್ಲ. ಮಧ್ಯಾಹ್ನ ಅಣ್ಣ ಉಣ್ಣಲು ಎದ್ದಾಗ, ಎಳೆ ಸಡಿಲಾಗಿದೆಯೇ ನೋಡುತ್ತೇನೆಂದು ನಿಂಗಣ್ಣ ಕುಣಿಗಿಳಿಯುತ್ತಿದ್ದ. ಎಳೆ ದಿನಾಲೂ ಸಡಿಲಾಗಿರುತ್ತಿತ್ತು. ಹೀಗೆ ತಾರವ್ವನಿಗೆ ಗಂಡನ ರೊಟ್ಟಿಯ ಜೊತೆ ಮೈದುನನ ರೊಟ್ಟಿಯೂ ಕಟೆಯತೊಡಗಿತು.

ಮಾಸ್ತರರು ಬಂದಾಗಲೆಲ್ಲ ಬುಟ್ಟಿಯನ್ನು ನೋಡಿ ಸಮಾಧಾನದಿಂದ ತಲೆಯಾಡಿಸುತ್ತಿದ್ದರು. "ಅಂಚಿಗೆ ಬಂದದ. ಇನ್ನೇನು ಬಿತ್ತು, ಇನ್ನೇನು ಬಿತ್ತು. ಹೊರಗ ನಿಂತವರಿಗೆ ಹಿಂಗ ಕಾಣಬೇಕು" ಎನ್ನುತ್ತಿದ್ದರು. ಆ ನವೆಂಬರಿನಲ್ಲಿ ಮುಂಬಯಿ ರಾಜ್ಯ ನಮ್ಮನ್ನು ಬಿಟ್ಟುಹೋಯಿತು. ಬುಟ್ಟಿ ಹೋಗಲಿಲ್ಲ. ಮಣ್ಣು ಸುಮ್ಮನೆ ಕೂತಿದೆಯೆಂದು ತಾರವ್ವ ಅದರಲ್ಲಿ ಕೊತ್ತಂಬರಿ ಹಾಕಿದಳು.

ಶಿದ್ರಾಮಪ್ಪ ಇನ್ನೂ ಹದಿನೈದು ವರ್ಷ ನೇಯ್ದ. ಗಂಜಿಯನ್ನು ಅವನು ಬಿಡಲಿಲ್ಲ. ಸೀರೆಗೆ ಹೊಳಪು ಬೇಕು, ಕರಿ ಬೇಕಾದವರು ಕುಣಿ ನೋಡಲಿ ಎನ್ನುತ್ತಿದ್ದ. ಅವನು ತೀರಿಕೊಂಡಾಗ ಕೊನೆಯ ಸಲ ಅವನನ್ನು ಉದ್ದಕ್ಕೆ ಮಲಗಿಸಿದರು. ಇಷ್ಟು ಎತ್ತರದವನೆಂದು ಓಣಿಯ ಅರ್ಧ ಜನಕ್ಕೆ ಆಗಲೇ ತಿಳಿದದ್ದು. ಅದಾದ ಮೂರು ವರ್ಷಕ್ಕೆ ವಿದ್ವಾಂಸರು ಇನ್ನೊಂದು ಲೆಕ್ಕ ಹಾಕಿ, ಕಪ್ಪುಕುಳಿಯೂ ಪೂರಾ ಕರಿಯಲ್ಲ, ಅದರಿಂದಲೂ ಚೂರೇಚೂರು ಏನೋ ಹೊರಗೆ ಸೋರುತ್ತಿರಬೇಕೆಂದರು. ಮುಪ್ಪಿನ ಮಾಸ್ತರರು ಇದನ್ನು ಓದಿ, ಕೋಲೂರಿಕೊಂಡು ಮೋಟಾರು ಹತ್ತಿ ಬನಹಟ್ಟಿಗೆ ಬಂದು ಹೇಳಿದರು. ತಾರವ್ವನಿಗೆ ಆಶ್ಚರ್ಯವಾಗಲಿಲ್ಲ. "ಪೂರಾ ಕರಿ ಛಲೋ ಅಲ್ಲರಿ ಪಂತರ. ಯಾರರ ಮೂಲ್ಯಾಗ ಒಂದು ಕೆಂಪು ಎಳಿ ಹಾಕಿರಬೇಕು" ಎಂದಳು.

ಕುಣಿಯಲ್ಲಿ ಆಗ ನಿಂಗಣ್ಣ ಕುಳಿತಿದ್ದ. ಪಡಸಾಲೆಯ ನಡುವೆ ಮಣ್ಣಿನ ಬುಟ್ಟಿ ಯಾಕಿದೆಯೆಂದು ಹೊಸಬರು ಕೇಳಿದರೆ ಅವನು ಕೊತ್ತಂಬರಿಯನ್ನು ಸರಿಸಿ ತೋರಿಸುತ್ತಿದ್ದ.

"ಈ ಕುಣಿ ಮುಚ್ಚಾಕ ತಂದೇನ್ರಿ" ಎನ್ನುತ್ತಿದ್ದ. "ನಾಳಿ ಮುಚ್ಚತೇನಿ." ಮತ್ತೆ ಲಾಳಿ ಎಸೆಯುತ್ತಿದ್ದ.